ಪರದೆಯ ಮೊದಲ ಅಕ್ಷರ

ಮಾರ್ಚ್ ೧೪. ಮ್ಯಾನೇಜರನ ಮೂತಿ ಕಣ್ಣೆದುರಿಂದ ಹೋಗುತ್ತಿಲ್ಲ.

ನಮ್ಮ ಪುಸ್ತಕದ ಆ್ಯಪ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಓದುತ್ತಿದ್ದ ಜಾಗ ತಪ್ಪುತ್ತಿತ್ತು. ಪರದೆಯ ಮೇಲ್ತುದಿಯಲ್ಲಿ ಕಾಣುವ ಮೊದಲ ಅಕ್ಷರವನ್ನು ಹುಡುಕಿ ನೆನಪಿಡೋಣ ಎಂದು ಬಡಕೊಂಡೆ. “ಓದೋರು ಪುಸ್ತಕದ ಎಷ್ಟು ಭಾಗ ಸರಿಸಿದ್ದಾರೆ ಅಂತ ನೋಡಿದ್ರೆ ಸಾಕು, ಜಾಸ್ತಿ ತಲೆ ಓಡಿಸ್ಬೇಡ” ಎಂದ. ಅಕ್ಷರ ಬೆಳೆದರೂ ಚಿತ್ರಗಳು ಇದ್ದಷ್ಟೇ ಇರುತ್ತವೆ, ಲೆಕ್ಕ ಕೆಡುತ್ತದೆ ಎಂಬುದು ಆ ಬುರುಡೆಗೆ ಹೊಳೆಯಲಿಲ್ಲ. ಕೊನೆಗೆ ಅವನು ಹೇಳಿದಂತೆಯೇ ಮಾಡಬೇಕಾಯಿತು.

ಇವತ್ತು ಪತ್ತೇದಾರಿ ಕಾದಂಬರಿ ಓದುತ್ತಿದ್ದ ಗ್ರಾಹಕಿಯೊಬ್ಬರು ಅಕ್ಷರ ಹಿಗ್ಗಿಸಿದ್ದೇ ತಡ, ಕಥೆ ಮುಂದಕ್ಕೆ ಹಾರಿ ಕೊಲೆಗಾರ ಸಿಕ್ಕಿಬೀಳುವ ಪುಟಕ್ಕೆ ಬಂತಂತೆ. ಕರೆಮಾಡಿ ಉಗಿದರು. ಮ್ಯಾನೇಜರ್ ಎಲ್ಲರೆದುರು ನನ್ನತ್ತ ಬೆರಳು ಮಾಡಿದ: “ಇವಳೇ ಮಾಡಿದ್ದು.”

ಈಗ ನನ್ನ ರೀತಿಯಲ್ಲೇ ಸರಿಮಾಡಿ ಮುಗಿಸಿದೆ. ಅವನ ಫೋನಿನಲ್ಲಿ ಮಾತ್ರ ಅವನ ಲೆಕ್ಕವನ್ನೇ ಬಿಟ್ಟಿದ್ದೇನೆ. ಅವನಿಗೂ ಪತ್ತೇದಾರಿ ಹುಚ್ಚು. ಮನೆಯಲ್ಲಿ ಕನ್ನಡಕ ಹಾಕಿ ಓದಿದ್ದನ್ನು ಬಸ್ಸಿನಲ್ಲಿ ಕನ್ನಡಕವಿಲ್ಲದೆ ಅಕ್ಷರ ಹಿಗ್ಗಿಸಿ ಮುಂದುವರಿಸುತ್ತಾನೆ. ಓದಲಿ. ಪ್ರತಿ ಸಲವೂ ಕೊಲೆಗಾರ ಯಾರೆಂದು ಮೊದಲೇ ಗೊತ್ತಾಗಿ ಸಾಯಲಿ.