ಎಲ್ಲ ಬೀಗಕ್ಕೂ ಒಂದೇ ಹೆಸರು

ಮಿರ್ಲೆ
14 ಅಕ್ಟೋಬರ್ 2008

ಉಮಾಶಂಕರ ಅವರಿಗೆ,

ಶಾಂತಲಾ ಬರೆಯುವುದು. ನಿಮ್ಮ ಕ್ಷೇಮ ಕೇಳಲು ಬರೆದದ್ದಲ್ಲ.

ಮೊನ್ನೆ ಭಾನುವಾರ ಹುಣಸೂರಿನಿಂದ ಬಂದು, ನಮ್ಮವ್ವ ಬಸವಮ್ಮನ ಮುಂದೆಯೇ ಕೂಗಾಡಿದಿರಿ. ಇಂಟರ್ನೆಟ್ ಆಟದಲ್ಲಿ ನೀವು ವರ್ಷಗಟ್ಟಲೆ ಕೂತು ಕಟ್ಟಿದ ಕೋಟೆಗೆ ಯಾರೋ ನುಗ್ಗಿ ಬರಿದು ಮಾಡಿದ್ದರು. ನಿಮ್ಮ ಹೆಸರಿನಲ್ಲೇ ತಂಡದವರನ್ನೆಲ್ಲ ಬೈದಿದ್ದರು. ತಂಡ ನಿಮ್ಮನ್ನು ಹೊರಹಾಕಿತ್ತು. "ಆ ಪಾಸ್‌ವರ್ಡು ನಿನ್ನ ಬುಟ್ರೆ ಯಾರ್ಗೂ ಒಳೆಯಾಕಿಲ್ಲ. ನೀನೇ ಕಣೇ ಕಳ್ಳಿ" ಅಂದಿರಿ. ಆಮೇಲೆ ಅದನ್ನು ಬಾಯಿಬಿಟ್ಟು ಹೇಳಿದಿರಿ.

ಸಿಂಚನಾ.

ಹುಟ್ಟಿದ ವಾರಕ್ಕೇ ಹೋದ ನಮ್ಮ ಮಗಳಿಗೆ ಆಸ್ಪತ್ರೆಯಲ್ಲಿ ನಾವಿಬ್ಬರೇ ಆರಿಸಿದ್ದ ಹೆಸರು. ನಾಮಕರಣ ಆಗಲಿಲ್ಲ, ಯಾರಿಗೂ ಹೇಳಲಿಲ್ಲ. ನಾನೊಮ್ಮೆ ಆ ಹೆಸರೆತ್ತಿ ಅತ್ತಾಗ "ಸತ್ತೋದ ಮಗೀಗೆ ಎಸ್ರ್ಯಾಕೆ, ಸುಮ್ಕಿರು" ಅಂದವರು ನೀವು. ಆ ಮಾತಿಗೇ ನಾನು ತವರಿಗೆ ಬಂದದ್ದು. ಅದೇ ಹೆಸರನ್ನು ದಿನವೂ ಆಟಕ್ಕೆ ಒತ್ತುತ್ತಿದ್ದಿರಾ?

ನಾನು ಕದಿಯಲಿಲ್ಲ. ನಿನ್ನೆ ಕೆ.ಆರ್. ನಗರದಲ್ಲಿ ಇಂಟರ್ನೆಟ್ ಸೆಂಟರ್ ನಡೆಸುವ ವೀರಭದ್ರಸ್ವಾಮಿಯವರನ್ನು ಕೇಳಿದೆ. ನೀವು ಹಾಡು ಇಳಿಸಿಕೊಳ್ಳುತ್ತಿದ್ದ ಸೈಟಿನಿಂದ ಸಾವಿರಾರು ಜನರ ಪಾಸ್‌ವರ್ಡ್ ಕಳುವಾಗಿವೆಯಂತೆ. "ಒಂದ್ಕಡೆ ಸಿಕ್ಕಿದ್ದ ಎಲ್ಲಾ ಕಡೆ ಆಕಿ ನೋಡ್ತಾರೆ ಕಣವ್ವ. ನಿಮ್ಮ ಯಜಮಾನ್ರು ಅಲ್ಲಿಗೂ ಆಟಕ್ಕೂ ಒಂದೇ ಮಡಗವ್ರೆ. ಬ್ಯಾರೆ ಬ್ಯಾರೆ ಮಡಗಿದ್ರೆ ಏನೂ ಆಯ್ತಿರ್ನಿಲ್ಲ" ಅಂದರು.

ನನ್ನ ಮಗಳ ಹೆಸರು ಈಗ ಕಂಡ ಕಂಡ ಕಳ್ಳರ ಕೈಯಲ್ಲಿದೆ. ಅದಕ್ಕೆ ಇನ್ನೂ ಯಾವ ಬಾಗಿಲು ತೆರೆಯುತ್ತದೋ ಎಂದು ಹಾಕಿ ನೋಡುತ್ತಿದ್ದಾರೆ. ನನ್ನೆದುರು ಒಂದು ಸಲ ಹೇಳಲಾಗದ್ದನ್ನು ಅವರಿಗೆ ಕೊಟ್ಟಿರಿ.

ನೀವು ಹೋದ ಮೇಲೆ ಅವ್ವ, "ಯಾರವ್ವ ಅದು ಸಿಂಚನಾ, ಅವನು ಮಡಿಕಂಡಿರೋಳಾ?" ಎಂದು ಕೇಳಿದಳು. ನಾನು ಹೌದು ಅಂದೆ. ಊರಿಗೆಲ್ಲ ಗೊತ್ತಾಗಿದೆ. ಇನ್ನು ಮಿರ್ಲೆಗೆ ಬಂದರೆ ನಿಮಗೆ ಯಾರೂ ನೀರು ಕೊಡುವುದಿಲ್ಲ.

ಶಾಂತಲಾ

ವಿ.ಸೂ.: ನಿನ್ನೆ ಆ ಸೆಂಟರಿನಲ್ಲೇ ಕೂತು ಆ ಹೆಸರು ಹಾಕಿದರೆ ನಿಮ್ಮ ಮೇಲ್ ಕೂಡ ತೆರೆಯಿತು. ಕಳೆದದ್ದನ್ನೆಲ್ಲ ಮರಳಿ ಕೊಡುತ್ತೇವೆ, ಒಪ್ಪಿಗೆ ತಿಳಿಸಿ ಎಂದು ಆಟದ ಕಂಪನಿಯವರು ಬರೆದಿದ್ದರು. ತಿಳಿಸಿದೆ. ಇವತ್ತು ಮತ್ತೆ ಹೋಗಿ ನೋಡಿದರೆ ಕೋಟೆ ವಾಪಸ್ ಬಂದಿತ್ತು. ಒಳಗಿನ ಹೂದೋಟದಲ್ಲಿ ನೀವೊಂದು ತೊಟ್ಟಿಲು ಇಟ್ಟಿದ್ದಿರಿ. ಅದನ್ನು ತುಂಬ ಹೊತ್ತು ನೋಡಿದೆ. ಆಮೇಲೆ ಆಟದ ಖಾತೆಯನ್ನೇ ಅಳಿಸಿಹಾಕಿದೆ.