ಪಾ ತಂಫು ಬರೆದುಕೊಟ್ಟ ರಸೀದಿ

ಲ್ಯಾನ್‌ಹ್ಯಾಮ್, ಮೇರಿಲ್ಯಾಂಡ್
ಅಕ್ಟೋಬರ್ 21, ಮಂಗಳವಾರ

ಪ್ರೀತಿಯ ತಮ್ಮ ಅಚಿರಿ,

ಕೆಮ್ಮು ಹೇಗಿದೆ? ಆ ಬಂಧನ ಕೇಂದ್ರದಲ್ಲಿ ಎರಡನೇ ಹೊದಿಕೆ ಕೊಟ್ಟರೇ? ಹೋದ ಸಲ ಫೋನಿನಲ್ಲಿ ನೀನು ಮಾತಾಡಿದ್ದಕ್ಕಿಂತ ಕೆಮ್ಮಿದ್ದೇ ಹೆಚ್ಚು. ಕ್ಯಾಮರೂನಿನಲ್ಲಿ ಅಪ್ಪ ಚೆನ್ನಾಗಿದ್ದಾರೆ. ಅವರನ್ನು ಕಾಗದದ ಮೇಲೆ ಕೊಂದಿರುವ ವಿಷಯ ಇನ್ನೂ ಹೇಳಿಲ್ಲ.

ನಿನ್ನ ಆಶ್ರಯದ ಅರ್ಜಿ ಯಾಕೆ ಬಿದ್ದುಹೋಯಿತೆಂದು ಈಗ ಗೊತ್ತಾಗಿದೆ. ವಕೀಲರಿಗೆಂದು ಪಾ ತಂಫು ನನ್ನಿಂದ ನಾಲ್ಕು ಸಾವಿರ ಡಾಲರ್ ತೆಗೆದುಕೊಂಡರಲ್ಲ, ಆ ವಕೀಲರೇ ಇರಲಿಲ್ಲ. ನಮ್ಮೂರಿನ ಹಿರಿಯರು, ಚರ್ಚಿನಲ್ಲಿ ಮುಂದಿನ ಸಾಲಿನವರು. ರಸೀದಿ ಕೇಳಿದರೆ ಅವಮಾನ ಮಾಡಿದಂತಾದೀತೆಂದು ನಾನು ಕೇಳಲಿಲ್ಲ. ಅರ್ಜಿಯ ಕಥೆ ಬರೆದವರು ಅವರೇ. ಊರಲ್ಲಿ ಸೈನಿಕರು ನಿನ್ನ ಅಂಗಡಿ ಸುಟ್ಟದ್ದು, ಬೆರಳು ಮುರಿದದ್ದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ. ‘ನನ್ನ ತಂದೆಯನ್ನು ಚರ್ಚಿನ ಬಾಗಿಲಲ್ಲಿ ಗುಂಡಿಟ್ಟು ಕೊಂದರು’ ಎಂದಿದೆ. ಅದರಲ್ಲಿ ಏನಿದೆಯೆಂದು ತಿಳಿಯದ ನೀನು ನ್ಯಾಯಾಧೀಶರ ಮುಂದೆ ಅಪ್ಪ ಬದುಕಿದ್ದಾರೆ ಎಂದೆ, ಸುಳ್ಳುಗಾರನಾದೆ. ಪಾ ತಂಫು ಬಳಿಯೇ ಅರ್ಜಿ ಮಾಡಿಸಿದ ಲುಮ್ ಮತ್ತು ನೆಬಾ ಅವರ ಕಾಗದಗಳನ್ನೂ ತರಿಸಿ ಓದಿದೆ. ಅವರ ತಂದೆಯರೂ ಅದೇ ಬಾಗಿಲಲ್ಲಿ, ಅದೇ ಭಾನುವಾರ ಸತ್ತಿದ್ದಾರೆ.

ಹೊಸ ವಕೀಲೆ ಸಿಕ್ಕಿದ್ದಾರೆ. ಮೇಲ್ಮನವಿಗೆ ಏಳು ಸಾವಿರ. ಇನ್ನು ಹದಿನೇಳು ದಿನ ಉಳಿದಿವೆ. "ಕಥೆ ಬರೆದಿದ್ದು ಅವ್ರೇ ಅನ್ನೋದಕ್ಕೆ ಏನಾದ್ರೂ ಕಾಗದ ತನ್ನಿ. ಇಲ್ದಿದ್ರೆ ದುಡ್ಡು ದಂಡ" ಎಂದರು.

ಭಾನುವಾರ ನಮ್ಮವರ ತಿಂಗಳ ಚೀಟಿ ಇತ್ತು. ದುಡ್ಡು ಎತ್ತುವ ಸರದಿ ಪಾ ತಂಫು ಅವರದು, ಅಡುಗೆಯ ಸರದಿ ನನ್ನದು. ಕೆಸುವಿನ ಗಡ್ಡೆ ಕುಟ್ಟಿ ಅಚು ಮಾಡಿದೆ, ಹಳದಿ ಸಾರು ಮಾಡಿದೆ. ನೀನಿದ್ದರೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ. ದುಡ್ಡು ಎತ್ತುವವರು ಮೊದಲ ತುತ್ತು ತಿನ್ನದೆ ಬೇರೆಯವರು ಕೈ ಹಾಕುವಂತಿಲ್ಲವಲ್ಲ. ಅವರ ತಟ್ಟೆಯಲ್ಲಿ ಅಚು ಬಡಿಸದೆ ಮೂರು ಅರ್ಜಿಗಳನ್ನು ಮಡಿಸಿಟ್ಟೆ. "ಏನಮ್ಮಾ ಮಾಂಕಾ, ಇದಕ್ಕೆ ಉಪ್ಪು ಹಾಕಿದೀಯಾ?" ಎಂದು ನಕ್ಕರು. "ನೀವೇ ಮಾಡಿದ ಅಡುಗೆ, ಪಾ. ರುಚಿ ನೋಡಿ" ಎಂದೆ. ಲುಮ್ ಎದ್ದು ಮೂರನ್ನೂ ಜೋರಾಗಿ ಓದಿದಳು. ನೆಬಾ, "ನಮ್ಮಪ್ಪ ನಿನ್ನೆ ತಾನೆ ಫೋನ್ ಮಾಡಿದ್ರು ಪಾ, ನಿಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು" ಎಂದ. ಇಪ್ಪತ್ತು ತಟ್ಟೆಗಳು ತಣ್ಣಗಾದವು. ಪಾ ತಂಫು ಟೋಪಿ ಬಿಟ್ಟು ಎದ್ದುಹೋದರು. ಅವರು ಅಳುವುದನ್ನು ನೋಡಬೇಕೆಂದಿತ್ತು, ಅಳಲಿಲ್ಲ. ನನಗಿನ್ನೂ ಸಾಕಾಗಿಲ್ಲ. ಈ ತಿಂಗಳ ಚೀಟಿಯಿಂದ ಮೂರು ಸಾವಿರ ನಿನ್ನ ವಕೀಲೆಗೆಂದು ಎಲ್ಲರೂ ಒಪ್ಪಿದ್ದಾರೆ.

ಬಿಸಿನೀರು ಕೇಳಿ ಕುಡಿ. ತೀರಿಹೋದ ಅಮ್ಮ ನಿನ್ನ ಮಂಚದ ಪಕ್ಕದಲ್ಲೇ ಕೂತಿರಲಿ.

ನಿನ್ನ ಅಕ್ಕ,
ಮಾಂಕಾ

ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಈಗ ತಾನೇ ಪಾ ತಂಫು ಬಂದುಹೋದರು. "ಮಗಳೇ, ದೂರು ಗೀರು ಬೇಡ, ನಿನ್ನ ನಾಲ್ಕು ಸಾವಿರ ತಗೋ" ಎಂದು ದುಡ್ಡು ಇಟ್ಟರು. ಉಳಿದ ಅಚು ಬಿಸಿ ಮಾಡಿ ಬಡಿಸಿದೆ. ಕೈ ತೊಳೆದ ಮೇಲೆ, ಈ ಸಲ ರಸೀದಿ ಕೇಳಿದೆ. ಅಚಿರಿಯ ಅರ್ಜಿ ಬರೆದುಕೊಟ್ಟದ್ದಕ್ಕೆ ಪಡೆದ ಹಣ ವಾಪಸು ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಿದರು. ಲುಮ್, ನೆಬಾ ಅವರ ಅರ್ಜಿಗಳನ್ನು ಬರೆದದ್ದೂ ನೀವೇ ಎಂದು ಸೇರಿಸಿ ಎಂದೆ, ಸೇರಿಸಿದರು. "ಇಲ್ಲಿಗೆ ಮುಗೀತು ಅಲ್ವಾ?" ಎಂದರು. ಊಟ ಹೇಗಿತ್ತು ಎಂದು ಕೇಳಿದೆ. ಅವರ ಮೇಲಿನ ದೂರು ನಿನ್ನೆಯೇ ಅಂಚೆಗೆ ಹೋಗಿದೆ. ಗುರುವಾರ ವಕೀಲೆ ಆ ರಸೀದಿ ಹಿಡಿದು ನಿನ್ನಲ್ಲಿಗೆ ಬರುತ್ತಾರೆ. ನಿನ್ನದೇ ಕಥೆ ಹೇಳು. ಬೆರಳು ತೋರಿಸು.