ಇಸ್ತ್ರಿಯವಳ ಪ್ರಾರ್ಥನೆ

ಆಗಸ್ಟ್ ೧೨, ಮಂಗಳವಾರ

ಪ್ರೀತಿಯ ಚಿನ್ನಿ,

ನಿನಗೂ ನಿನ್ನ ಯಜಮಾನರಿಗೂ ದೇವರ ಸಮಾಧಾನವಿರಲಿ. ಎರಡು ಪತ್ರಕ್ಕೂ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಶಾಲೆಯ ಸಮವಸ್ತ್ರಗಳ ಹೊಲಿಗೆ ಮುಗಿಯಲಿಲ್ಲ ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಹೊಟ್ಟೆಕಿಚ್ಚಿನಲ್ಲಿ ಪೆನ್ನು ಹಿಡಿದರೆ ಏನೇನು ಬರೆದುಬಿಡುತ್ತೇನೋ ಎಂದು ಹೆದರಿದ್ದೆ.

ನನ್ನ ಹೊಲಿಗೆ ಅಂಗಡಿಯ ಪಕ್ಕದಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು ನಿನಗೆ ನೆನಪಿರಬೇಕು. ಆರು ವರ್ಷದ ಹಿಂದೆ ಅವಳನ್ನು ಚರ್ಚಿಗೆ ಕರೆದುಕೊಂಡು ಹೋದವಳು ನಾನು. ಬೈಬಲಿನಲ್ಲಿ ಯಾವುದು ಎಲ್ಲಿದೆ ಎಂದು ಪುಟ ತಿರುವಿ ತೋರಿಸಿದವಳೂ ನಾನೇ. ಈಗ ನೋಡು, ಹತ್ತೊಂಬತ್ತು ವರ್ಷ ನಾನು ನಡೆಸಿಕೊಂಡು ಬಂದ ಶುಕ್ರವಾರದ ಪ್ರಾರ್ಥನಾ ಕೂಟವನ್ನು ಪಾಸ್ಟರ್ ಅವಳ ಕೈಗೆ ಕೊಟ್ಟಿದ್ದಾರೆ. "ನೀವು ಸ್ವಲ್ಪ ದಿನ ಸುಮ್ನೆ ಕೂತ್ಕೊಳ್ಳಿ ಅಕ್ಕ," ಎಂದರು. ಸುಮ್ಮನೆ ಕೂರಬೇಕಂತೆ, ನಾನು!

ಅವಳ ಪ್ರಾರ್ಥನೆಯನ್ನಾದರೂ ನೀನು ಕೇಳಬೇಕು. ನನ್ನದು ನೀರು ಹರಿದ ಹಾಗೆ, ಒಂದು ಕಡೆಯೂ ತಡವರಿಸುವುದಿಲ್ಲ. ಅವಳು "ದೇವರೇ..." ಎಂದು ಶುರು ಮಾಡಿ ನಿಂತೇಬಿಡುತ್ತಾಳೆ. ಗೋಡೆ ಗಡಿಯಾರದ ಸದ್ದು ಕೇಳಿಸುವಷ್ಟು ಹೊತ್ತು. ಆಮೇಲೆ, "ಮೊನ್ನೆಯಿಂದ ನೀನು ಎಲ್ಲಿದ್ದೀಯೋ ಗೊತ್ತಾಗ್ತಿಲ್ಲ, ಇವತ್ತಾದ್ರೂ ಸಿಗು," ಎನ್ನುತ್ತಾಳೆ, ಬೀಗದ ಕೈ ಕಳೆದುಕೊಂಡವರ ಹಾಗೆ. ಅಷ್ಟಕ್ಕೇ ಎಲ್ಲರ ಕಣ್ಣಲ್ಲೂ ನೀರು.

ಕಳೆದ ವಾರ ತಡೆಯಲಾರದೆ ಕೇಳಿಯೇಬಿಟ್ಟೆ: "ಆರು ವರ್ಷ ಆಯ್ತು, ಇನ್ನೂ ಹುಡುಕ್ತಾನೇ ಇದ್ದೀಯಲ್ಲೇ? ನನಗೆ ಇಪ್ಪತ್ತನೇ ವಯಸ್ಸಿಗೇ ಸಿಕ್ಕಿಬಿಟ್ಟ!"

ಯಾರದೋ ಅಂಗಿಗೆ ನೀರು ಚಿಮುಕಿಸುತ್ತಾ ಅವಳೆಂದಳು, "ಮದುವೆ ಆಯ್ತಲ್ಲ ಅಂತ ಗಂಡನ ಹತ್ರ ಮಾತಾಡೋದು ಬಿಡ್ತೀವಾ ಅಕ್ಕ? ಎಲ್ಲಿ ಹೋದ, ಉಂಡನಾ ಇಲ್ವಾ ಅಂತ ದಿನಾ ವಿಚಾರಿಸ್ಕೊಳ್ಳಲ್ವಾ?"

ಕಲಿಸಿದ ಗುರುವಿಗೇ ತಿರುಮಂತ್ರ! ನನಗೆ ಇನ್ನಷ್ಟು ಉರಿಯಿತು. ಅವಳ ಮೇಲೆ ಕೋಪವಲ್ಲ ಚಿನ್ನಿ, ಮತ್ಸರ. ಅವಳಿಗೆ ಇನ್ನೂ ದೇವರ ಹಸಿವಿದೆ, ನನಗಿಲ್ಲ.

ನಿನ್ನ ಚಿಕ್ಕ ಮಗಳ ಕೆಮ್ಮು ಹೇಗಿದೆ, ಬರೆ. ದೇವರು ನಿಮ್ಮೆಲ್ಲರನ್ನೂ ತನ್ನ ಕಣ್ಣೆದುರೇ ಇಟ್ಟುಕೊಳ್ಳಲಿ.

ನಿನ್ನ ಅಕ್ಕ

ತಾ.ಕ.: ಪಾಸ್ಟರ್ ನನ್ನನ್ನು ಯಾಕೆ ಕೂರಿಸಿದರೆಂದು ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ. ಆ ಶುಕ್ರವಾರ ಎಲ್ಲರೆದುರು, "ಹಾಸಿಗೆ ಹಿಡಿದಿರುವ ನಮ್ಮಮ್ಮನನ್ನು ಬೇಗ ಗುಣಪಡಿಸು ತಂದೆಯೇ" ಎಂದು ಬೇಡಿದೆ. ಅಮ್ಮನನ್ನು ಮಣ್ಣು ಮಾಡಿ ಎರಡು ವರ್ಷವಾಯಿತಲ್ಲ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಮನೆಯಲ್ಲೂ ದಿನಾ ಅದನ್ನೇ ಹೇಳುತ್ತಿದ್ದೆ, ಒಂದು ದಿನವೂ ನನಗೇ ಕೇಳಿಸಿರಲಿಲ್ಲ. ಪಕ್ಕದಲ್ಲಿದ್ದ ಇಸ್ತ್ರಿಯವಳು ನನ್ನ ಕೈ ಹಿಡಿದಳು, ಕೊಡವಿಕೊಂಡೆ. ಇವತ್ತು ಬೆಳಿಗ್ಗೆ ಮಂಡಿಯೂರಿದಾಗ ಒಂದು ಮಾತೂ ಬರಲಿಲ್ಲ. ಅಂಗಡಿ ತೆಗೆಯುವ ಹೊತ್ತು ಮೀರಿತು, ಆದರೂ ಏಳಲಿಲ್ಲ.